ಕಡಲಿಗೆ ಬಾಯಿ ತೆರೆದ ಬೇಲಿ

"ನಮ್ಮಣ್ಣನ್ನ ನುಂಗಿದ್ದು ಸಾಲ್ದಾ ಜೌಹರ್? ಈಗ ನಮ್ಮ ಸಮುದ್ರಾನೂ ಬೇಕಾ ನಿಂಗೆ?"

ಮೊಣಕಾಲುದ್ದ ನೀರಲ್ಲಿ ನಿಂತು ದಲೆಂದಾ ಕಿರುಚಿದಳು. ಅವಳನ್ನು ಮದುವೆಯಾಗಬೇಕಿದ್ದವನು ತಲೆ ಎತ್ತಲಿಲ್ಲ. ಖರ್ಜೂರದ ಗರಿಯೊಂದನ್ನು ಮರಳಿಗೆ ಒತ್ತಿ ನೆಟ್ಟ. ಇನ್ನೊಂದನ್ನು ಎತ್ತಿಕೊಂಡ.

ಕೆರ್ಕೆನಾ ದ್ವೀಪದಲ್ಲಿ ಸಮುದ್ರಕ್ಕೂ ಹೊಲದ ಹಾಗೆ ಒಡೆಯರಿದ್ದಾರೆ. ದಲೆಂದಾಳ ಅಪ್ಪ ಬಿಟ್ಟುಹೋದದ್ದು ಉತ್ತರ ತುದಿಯ ಈ ತುಂಡು ನೀರು ಮಾತ್ರ. ಬೇಸಿಗೆ ಮುಗಿದ ಮೇಲೆ ಇಲ್ಲಿ ದಡದ ಕಡೆಗೆ ಬಾಯಿ ಇಟ್ಟು ಗರಿಗಳ ಬೇಲಿ ಕಟ್ಟಿದರೆ, ನೀರು ಇಳಿಯುವಾಗ ಮೀನು ಬೇಲಿಯ ಗುಂಟ ಸಾಗಿ ಬುಟ್ಟಿಗೆ ಬೀಳುತ್ತದೆ. ಪ್ರತಿವರ್ಷ ಅಣ್ಣ ಲಾಮಿನ್ ಕಟ್ಟುತ್ತಿದ್ದ. ಈ ಬೇಸಿಗೆಯಲ್ಲಿ ಅವನೂ ಜೌಹರನೂ ಕಳ್ಳದೋಣಿ ಹತ್ತಿ ಇಟಲಿಗೆ ಹೊರಟರು. ದೋಣಿ ಮಗುಚಿತು.

ಬಂದವನು ಜೌಹರ್ ಒಬ್ಬನೇ!

ಹೇಗಾಯಿತೆಂದು ಅವನು ಒಂದು ಮಾತೂ ಆಡಲಿಲ್ಲ. ದಲೆಂದಾ ಅವನು ತೊಡಿಸಿದ್ದ ಉಂಗುರವನ್ನು ಅವನ ತಾಯಿಯ ಕೈಗೆ ಕೊಟ್ಟು ಬಂದಳು. ಲಾಮಿನ್‌ನ ಹೆಣವೂ ಸಿಗಲಿಲ್ಲ. ಅಮ್ಮ ಇವತ್ತಿಗೂ ಮನೆಯವರೆಲ್ಲ ಒಟ್ಟಿಗೆ ಉಣ್ಣುವ ಕುಸ್ಕುಸಿನ ಬೋಗುಣಿಯ ಸುತ್ತ ಮೂರು ಚಮಚ ಇಡುತ್ತಾಳೆ. ಉಣ್ಣುವವರು ಇಬ್ಬರು.

"ಅವನ ಮುಖ ನೋಡ್ದೆ ಹೆಂಗಮ್ಮಾ ಅಳ್ಲಿ?" ಎನ್ನುತ್ತಾಳೆ.

ವಾರ ಕಳೆಯುವಷ್ಟರಲ್ಲಿ ಬೇಲಿ ಎದ್ದಿತು. ದಡದಲ್ಲಿ ನಗುವೋ ನಗು.

"ನೋಡಮ್ಮಾ, ಬೇಲಿಯ ಬಾಯನ್ನ ಹೊರಗಡಲಿಗೆ ಇಟ್ಟವ್ನೆ!" ಬಲೆ ಹೊಲಿಯುತ್ತಿದ್ದ ಶಾದ್ಲಿ ಚಿಕ್ಕಪ್ಪ ಕಿಸಕ್ಕನೆ ನಕ್ಕ. "ಒಂದು ಸೀಗಡಿನೂ ಬೀಳಲ್ಲ. ಇವನು ಹುಟ್ಟಿದ್ದು ದ್ವೀಪದಲ್ಲೋ, ಮರಳುಗಾಡಲ್ಲೋ?"

ದಲೆಂದಾಗೆ ನಗು ಬರಲಿಲ್ಲ. ಜೌಹರ್‌ಗೆ ದಿಕ್ಕು ತಪ್ಪುವುದೇ? ಅಪ್ಪನೇ ಕೈಹಿಡಿದು ಕಲಿಸಿದ ಹುಡುಗ ಅವನು!

ಹಾಗಾದ್ರೆ... ಯಾಕೆ?

ಮರುದಿನ ಬೆಳಿಗ್ಗೆ ನೀರು ಇಳಿದಾಗ ಅವಳು ಬೇಲಿಯವರೆಗೂ ನಡೆದಳು. ಮೀನಿಗೆ ಅಷ್ಟು ಅಗಲದ ಬಾಯಿ ಬೇಕಿಲ್ಲ. ಕೊನೆಯಲ್ಲಿ ಬುಟ್ಟಿಯೇ ಇರಲಿಲ್ಲ. ಅಲ್ಲಿ ಒಬ್ಬ ಮನುಷ್ಯ ಮಲಗುವಷ್ಟು ಜಾಗ ಬಿಟ್ಟಿತ್ತು.

ಉತ್ತರದ ಗಾಳಿ ಎದ್ದಾಗ ಸಮುದ್ರ ಮುಳುಗಿದವರನ್ನು ತರುವುದು ಈ ಕಡೆಯಿಂದಲೇ. ದ್ವೀಪದಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

"ಇದು ಮೀನಿಗಲ್ಲ... ಅಲ್ವಾ?"

ಅವಳ ಹಿಂದೆಯೇ ನಡೆದು ಬಂದಿದ್ದ ಜೌಹರ್, ಊರಿಗೆ ಮರಳಿದ ಮೇಲೆ ಮೊದಲ ಸಲ ಅವಳ ಮುಖ ನೋಡಿದ. ಅವನ ಅಂಗೈ ತುಂಬ ಗರಿಯ ಮುಳ್ಳು ಗೀರಿದ ಗಾಯ.

"ಬೆಳಗಾಗೋವರೆಗೂ ಅವನನ್ನ ಹಿಡ್ಕೊಂಡಿದ್ದೆ ದಲೆಂದಾ... ಉಸಿರು ನಿಂತ ಮೇಲೂ ಬಿಡ್ಲಿಲ್ಲ. ಆಮೇಲೆ ಬೆರಳು ನನ್ನ ಮಾತು ಕೇಳ್ಲಿಲ್ಲ... ಜಾರಿಹೋದ." ಅವನು ಹೊರಗಡಲಿನತ್ತ ತಿರುಗಿದ. "ಬರಿಗೈಲಿ ಬಂದು ನಿಮ್ಮಮ್ಮಂಗೆ ಏನಂತ ಹೇಳ್ಲಿ? ಬಂದ್ರೆ ತನ್ನ ನೀರಿಗೇ ಬರ್ಲಿ ಅಂತ ಇಲ್ಲಿ ಕಟ್ಟಿದೆ."

ಅಯ್ಯೋ... ಇವನನ್ನಾ ನಾನು ಅಷ್ಟೆಲ್ಲಾ ಅಂದದ್ದು!

ದಲೆಂದಾ ಆ ಗಾಯದ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ಬಿಕ್ಕಿಬಿಕ್ಕಿ ಅತ್ತಳು. ಅಣ್ಣ ಹೋದ ಮೇಲೆ ಅವಳು ಅತ್ತದ್ದು ಇವತ್ತೇ.

"ನಿನ್ನ ದ್ವೇಷ ಮಾಡೋಕೆ ಎಷ್ಟು ಒದ್ದಾಡಿದೆ ಗೊತ್ತಾ? ಆಗ್ಲೇ ಇಲ್ಲ ಕಣೋ. ನೀನಾದ್ರೂ ಬದುಕಿ ಬಂದ್ಯಲ್ಲ ಅಂತ ಒಳಗೊಳಗೇ ಖುಷಿಯಾಗಿತ್ತು... ಅದಕ್ಕೇ ನನ್ನ ಮೇಲೆ ನಂಗೇ ಅಸಹ್ಯ. ಆ ಸಿಟ್ಟೆಲ್ಲಾ ನಿನ್ನ ಮೇಲೆ ತೀರಿಸ್ಕೊಂಡೆ."

ನೀರು ಮತ್ತೆ ಏರತೊಡಗಿತ್ತು. ಬೇಲಿಯೊಳಗೆ ಪಾಚಿ ಬಿಟ್ಟರೆ ಏನೂ ಇರಲಿಲ್ಲ.

"ಅವನು ಬರ್ದೇ ಹೋದ್ರೆ?"

"ಮುಂದಿನ ವರ್ಷನೂ ಕಟ್ತೀನಿ."

"ಕಟ್ತೀವಿ ಅನ್ನು." ವಾಲಿದ್ದ ಗರಿಯೊಂದನ್ನು ಅವಳೇ ನೆಟ್ಟಗೆ ಮಾಡಿದಳು. "ಸಂಜೆ ಊಟಕ್ಕೆ ಬಾ. ಅಮ್ಮಂಗೆ ನೀನೇ ಹೇಳ್ಬೇಕು. ನಾನು ಪಕ್ಕದಲ್ಲೇ ಕೂತಿರ್ತೀನಿ."

"ಆ ಬೋಗುಣಿ ಹತ್ರ... ನಂಗೆ ಜಾಗ ಇದ್ಯಾ?"

"ಮೂರನೇ ಚಮಚ ಅಣ್ಣಂದು. ಅದನ್ನ ಮುಟ್ಟೋ ಹಾಗಿಲ್ಲ." ದಲೆಂದಾ ಕಣ್ಣೊರೆಸಿಕೊಂಡಳು. "ನಿಂಗೆ ನಾಲ್ಕನೇದು ಇಡ್ತೀನಿ."