ಬಾಲದ ಕಚ್ಚು

"ಆ ಮೀನನ್ನ ಮನೆಯೊಳಗೆ ಒಯ್ಯಬೇಡಿ ಡಾಕ್ಟ್ರೇ. ಬಾಲ ನೋಡಿ, ಕಚ್ಚು ಇದೆ."

ದಾರಿಗೆ ಅಡ್ಡ ನಿಂತವಳು ಮಂತ್ರ ಹಾಕುವ ಮುದುಕಿ ಜುಲ್ಮೀರಾ. ಒದಾಯಿರ್ ಕೈಯಲ್ಲಿದ್ದ ಪ್ಲಾಸ್ಟಿಕ್ ಚೀಲವನ್ನು ಬಿಸಿಲಿಗೆ ಎತ್ತಿ ನೋಡಿದ. ನೀಲಿ ಅಂಚಿನ ಹಳದಿ ಮೀನು. ಬಾಲದ ತುದಿಯಲ್ಲಿ ಮೂರು ಮೂಲೆಯ ಸಣ್ಣ ಕಚ್ಚು.

"ಬೇರೆ ಮೀನು ಕಚ್ಚಿರುತ್ತೆ, ಅಜ್ಜಿ."

"ಮೀನಿನ ಹಲ್ಲು ಹಾಗೆ ಕಚ್ಚಲ್ಲ. ಅದು ನನ್ನ ಕತ್ತರಿ. ಉಬ್ಬಸದ ಮಗು ಒಂದು ಅದರ ಬಾಯಲ್ಲಿ ಉಗಿದಿದೆ. ರೋಗ ಸಮೇತ ಸಮುದ್ರಕ್ಕೆ ಬಿಟ್ಟಿದ್ದೆ. ನಮ್ಮೂರೋರು ಕಚ್ಚಿದ್ದ ಮೀನು ಮುಟ್ಟಲ್ಲ. ನಿಮಗೆ ಮಾರಿದೋನು ಯಾವನೋ ಹೊರಗಿನವನು."

"ಹಾಗಾದ್ರೆ ನಾಳೆಯಿಂದ ಅಂಗಡೀಲಿ ಮಾತ್ರೆ ಬಿಟ್ಟು ಮೀನೇ ಮಾರ್ತೀನಿ ಬಿಡಿ."

ಅವನೊಬ್ಬನೇ ನಕ್ಕ. ಮರಳಿನ ಮೇಲೆ ಬಲೆ ಬಿಡಿಸುತ್ತಿದ್ದವರು ತಲೆ ಎತ್ತಲಿಲ್ಲ. ಅವನು ಸಾವೊ ಪಾಲೊ ಮಹಾನಗರದಿಂದ ಬಂದು ಸಿಯಾರಾ ತೀರದ ಈ ಬೆಸ್ತರೂರಿನಲ್ಲಿ ಔಷಧಿ ಅಂಗಡಿ ತೆರೆದು ಮೂರು ತಿಂಗಳಾಗಿತ್ತು, ಅಷ್ಟೆ. ಅಷ್ಟಕ್ಕೇ ಊರಿಗೆಲ್ಲ ಬುದ್ಧಿ ಹೇಳುವ ಗತ್ತು.

ಮನೆಯಲ್ಲಿ ತಾಯಿಯಿಲ್ಲದ ಏಳು ವರ್ಷದ ಮಗಳು ತೈನಾ ಕಾಯುತ್ತಿದ್ದಳು. ಹೊಸ ಊರಿನಲ್ಲಿ ಜೊತೆಗಾರರಿಲ್ಲದ ಅವಳಿಗಾಗಿಯೇ ಅವನು ಉಪ್ಪುನೀರಿನ ಗಾಜಿನ ತೊಟ್ಟಿ ಇಟ್ಟಿದ್ದ. ಅದರಲ್ಲಿ ಆಗಲೇ ಎರಡು ಪುಟ್ಟ ಮೀನುಗಳಿದ್ದವು. ಮಾಡಬೇಕಾದ್ದೆಲ್ಲ ಕ್ರಮವಾಗಿ ಮಾಡಿದ. ಚೀಲವನ್ನು ತೊಟ್ಟಿಯಲ್ಲಿ ತೇಲಿಸಿದ. ಸಣ್ಣ ಕೊಳವೆಯಿಂದ ತೊಟ್ಟಿಯ ನೀರನ್ನು ಹನಿಹನಿಯಾಗಿ ಒಳಗೆ ಬಿಟ್ಟ. ಒಂದು ಗಂಟೆಯ ನಂತರ ಮೀನು ತೊಟ್ಟಿಗಿಳಿಯಿತು. ಇಳಿದದ್ದೇ ಮೂಲೆ ಹಿಡಿಯಿತು. ತೈನಾ ಗಾಜಿಗೆ ಮೂಗೊತ್ತಿ ಕೂತಳು.

"ಅಪ್ಪಾ, ಇದು ಸೀಟಿ ಹೊಡೀತಿದೆ."

"ಮೀನು ಸೀಟಿ ಹೊಡಿಯಲ್ಲ ಪುಟ್ಟಿ. ಅದು ತೊಟ್ಟಿಯ ಪಂಪಿನ ಸದ್ದು."

ಮರುದಿನ ಮಧ್ಯಾಹ್ನ ಮೀನು ಸತ್ತಿತ್ತು.

ಒದಾಯಿರ್ ನೀರು ಪರೀಕ್ಷಿಸಿದ. ಉಪ್ಪು ಸರಿ. ಬಿಸಿ ಸರಿ. ವಿಷದ ಸುಳಿವಿಲ್ಲ. ಉಳಿದೆರಡು ಮೀನುಗಳು ಚುರುಕಾಗಿ ಓಡಾಡುತ್ತಿದ್ದವು. ಸತ್ತದ್ದರ ಮೈಮೇಲೆ ಗಾಯವಿಲ್ಲ, ಕಲೆಯಿಲ್ಲ. ಬಾಯಿ ಮಾತ್ರ ಅಗಲವಾಗಿ ತೆರೆದಿತ್ತು. ಮೂಗಿನ ಹತ್ತಿರ ತಂದ. ಮೀನಿನ ವಾಸನೆಯಲ್ಲ. ಕೆಮ್ಮುವ ಮಕ್ಕಳ ಎದೆಗೆ ಹಚ್ಚುವ ನೀಲಗಿರಿ ಮುಲಾಮಿನ ಘಾಟು.

ಮೀನನ್ನು ಕಾಗದದ ಮೇಲಿಟ್ಟು ಕೈ ತೊಳೆಯಲು ಹೋದ. ತಿರುಗಿ ಬರುವಷ್ಟರಲ್ಲಿ ತೈನಾ ಅಳುತ್ತ ಅದನ್ನು ಎತ್ತಿಕೊಂಡಿದ್ದಳು. ತೆರೆದ ಆ ಬಾಯಿಗೆ ಮುತ್ತಿಟ್ಟಿದ್ದಳು.

ಸಂಜೆ ಆಗುವ ಮೊದಲೇ ಸದ್ದು ಶುರುವಾಯಿತು. ಸಣ್ಣ ಸೀಟಿ. ಅವನು ಪಂಪು ಆರಿಸಿದ. ಸೀಟಿ ನಿಲ್ಲಲಿಲ್ಲ. ಅದು ಮಗಳ ಎದೆಯಿಂದ ಬರುತ್ತಿತ್ತು.

ಅವಳ ಬಾಯಿಗೆ ಉಬ್ಬಸದ ಇನ್‌ಹೇಲರ್ ಹಿಡಿದ. ಮತ್ತೆ ಹಿಡಿದ. ಅಂಗಡಿಯಲ್ಲಿದ್ದ ಔಷಧಿಯೆಲ್ಲ ಮೇಜಿನ ಮೇಲೆ ಹರಡಿತು. ಆಸ್ಪತ್ರೆ ಮರಳುದಾರಿಯಲ್ಲಿ ಎರಡು ಗಂಟೆ ದೂರ. ತೈನಾಳ ತುಟಿಗೆ ಮೀನಿನಂಚಿನ ನೀಲಿ ಏರುತ್ತಿತ್ತು.

ಬಾಗಿಲು ತೆರೆದರೆ ಜುಲ್ಮೀರಾ ನಿಂತಿದ್ದಳು. ಯಾರೂ ಕರೆದಿರಲಿಲ್ಲ.

"ಅಮ್ಮಾ, ಏನಾದ್ರೂ ಮಾಡಿ."

"ಜೀವ ಇರೋ ಬಾಯಿ ಬೇಕು, ಮಗಾ. ಮೀನು ಇದೆಯಾ?"

ಅವನು ತೊಟ್ಟಿಯತ್ತ ಓಡಿದ. ಪುಟ್ಟ ಮೀನುಗಳೆರಡೂ ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಮೀನು ತರುವ ತೆಪ್ಪಗಳು ಇನ್ನೂ ದಡ ಸೇರಿರಲಿಲ್ಲ. ಹಿಂದಿನಿಂದ ಬರುತ್ತಿದ್ದ ಸೀಟಿ ತೆಳುವಾಯಿತು. ಇನ್ನೂ ತೆಳುವಾಯಿತು.

"ನನ್ನ ಬಾಯಿ ಆಗಲ್ವಾ?"

ಮುದುಕಿ ಅವನನ್ನೇ ನೋಡಿದಳು. "ಆಗುತ್ತೆ. ಆದ್ರೆ ಸಮುದ್ರಕ್ಕೆ ಬಿಟ್ಟಿದ್ದನ್ನ ತಿರುಗಿ ಮನೆಗೆ ತರೋ ಹಾಗಿಲ್ಲ. ಗೊತ್ತಲ್ಲ?"

ಅವನು ಮಂಡಿಯೂರಿ ಬಾಯಿ ತೆರೆದ.

ಜುಲ್ಮೀರಾ ಮಗುವಿನ ಬೆನ್ನ ಮೇಲೆ ಕೈಯಿಟ್ಟು ಏನನ್ನೋ ಗೊಣಗಿದಳು. ತೈನಾ ಕೆಮ್ಮಿದಳು. ಅವನ ಬಾಯೊಳಗೆ ಉಗಿದಳು. ಉಪ್ಪು. ಮುಲಾಮಿನ ಘಾಟು. ಅವನ ಗಂಟಲು ಮುಚ್ಚಿತು. ಎದೆ ಬಿಗಿಯಿತು. ಕೋಣೆಯ ತುಂಬ ಗಾಳಿ, ಅವನಿಗೆ ಒಂದು ಗುಟುಕೂ ಇಲ್ಲ. ತೆವಳಿದ. ತೊಟ್ಟಿಯ ಅಂಚು ಹಿಡಿದ. ತಲೆ ನೀರಿನಲ್ಲಿ ಮುಳುಗಿಸಿದ.

ಉಸಿರು ಬಂತು. ತಂಪಾಗಿ, ನಿರಾಯಾಸವಾಗಿ ಬಂತು.

ಆಗ ಕಿವಿಯ ಬಳಿ ಕತ್ತರಿ ತಣ್ಣಗೆ ತಾಕಿತು.

"ಅಲ್ಲಾಡಬೇಡ. ಗುರುತು ಬೇಕಲ್ಲ."

ಈಗ ಮುಳುಗಿ ಮೀನು ಹಿಡಿಯುವ ಊರಿನವರು ದಕ್ಷಿಣದ ಬಂಡೆಯ ಹತ್ತಿರ ಹೋದಾಗ ನೀರೊಳಗೆ ಏನಾದರೂ ದೊಡ್ಡದು ಸರಿದರೆ ಮೊದಲು ಅದರ ಕಿವಿ ನೋಡುತ್ತಾರೆ. ಕಚ್ಚು ಕಂಡರೆ ಬಲೆ ಹಿಂದಕ್ಕೆಳೆದುಕೊಳ್ಳುತ್ತಾರೆ. ಮುದುಕಿಯ ಮನೆಯಲ್ಲೇ ಬೆಳೆಯುತ್ತಿರುವ ತೈನಾ ಉಬ್ಬಸವೇನೆಂದು ಮರೆತು ಮರಳಿನ ಮೇಲೆ ಓಡುತ್ತಾಳೆ. ಕೆಲವು ಸಂಜೆ ನೀರಿನಂಚಿಗೆ ಬಂದು ನಿಂತು, ಕೂಗಲು ಎದೆ ತುಂಬ ಉಸಿರೆಳೆದುಕೊಳ್ಳುತ್ತಾಳೆ.

ಜುಲ್ಮೀರಾ ಓಡಿಬಂದು ಅವಳ ಬಾಯಿ ಮುಚ್ಚುತ್ತಾಳೆ.

"ಕರೀಬೇಡ ಮಗಾ. ಕರೆದ್ರೆ ಬಂದುಬಿಡ್ತಾನೆ."