ಓಕೆ ಆಗದ ಟೇಕ್

"ಈ ಫ್ಲೋರಿನಲ್ಲಿ ಮಾತ್ರ 'ಆ್ಯಕ್ಷನ್' ಅನ್ಬೇಡಿ. ತಮಾಷೆಗೂ ಬೇಡ."

ಕ್ಲಾಪ್ ಮಾಮ ಕಬ್ಬಿಣದ ಬಾಗಿಲಿಗೆ ಕೈಯಿಟ್ಟು ನಿಂತಿದ್ದರು. ಒಂದು ಕಾಲದಲ್ಲಿ ಈ ಸ್ಟುಡಿಯೋದ ಪ್ರತಿ ಶಾಟ್‌ಗೂ ಕ್ಲಾಪ್ ಬೋರ್ಡ್ ಹೊಡೆದವರು. ಈಗ ಬಂದವರಿಗೆ ಹಳೆಯ ಸೆಟ್ಟುಗಳನ್ನು ತೋರಿಸುವುದು ಅವರ ಕೆಲಸ. ನಕಲಿ ಕೋರ್ಟು, ನಕಲಿ ಆಸ್ಪತ್ರೆ, ಬೆನ್ನೇ ಇಲ್ಲದ ಬಂಗಲೆ ಎಲ್ಲ ಮುಗಿಯುವಷ್ಟರಲ್ಲಿ ಗುಂಪು ಕರಗಿ ಒಂದೇ ಕುಟುಂಬ ಉಳಿದಿತ್ತು: ಆಹಾರ ಪರೀಕ್ಷಾ ಲ್ಯಾಬಿನ ಅನಾಲಿಸ್ಟ್, ಅವನ ಹೆಂಡತಿ, ಏಳು ವರ್ಷದ ಮಗಳು.

"ಅಂದ್ರೆ ಏನಾಗುತ್ತೆ ಮಾಮ? ದೆವ್ವ ಬಂದು ಮೇಕಪ್ ಕೇಳುತ್ತಾ?" ಎಂದ ಅನಾಲಿಸ್ಟ್.

ಮಾಮ ನಗಲಿಲ್ಲ. "ಮೂವತ್ತು ವರ್ಷದ ಹಿಂದೆ ಇಲ್ಲೊಂದು ಊಟದ ಸೀನು. ಹಸಿದ ಮುದುಕಿ ಪಾತ್ರಕ್ಕೆ ನಿಜವಾಗ್ಲೂ ಹಸಿದವಳನ್ನೇ ಹುಡುಕಿ ತಂದಿದ್ರು. ಡೈರೆಕ್ಟರಿಗೆ ಎಷ್ಟು ತೆಗೆದ್ರೂ ಓಕೆ ಆಗ್ಲಿಲ್ಲ. ಒನ್ ಮೋರ್, ಒನ್ ಮೋರ್ ಅಂತ ಎರಡು ದಿನ ಅದೇ ಊಟ ತಿನ್ನಿಸಿದ್ರು. ಲೈಟಿನ ಕಾವಿಗೆ ಅದು ಹಳಸಿ ಕೊಳೆತುಹೋಗಿತ್ತು. ನಲವತ್ತೊಂದನೇ ಟೇಕಿಗೆ ಅವಳು ತನ್ನ ಕೂದಲು ಕಿತ್ತು ತುತ್ತಿಗೆ ಸುತ್ತಿದ್ಲು. ಏನೋ ಗೊಣಗಿ ತಟ್ಟೆಗೇ ಉಗಿದು ಸತ್ಲು. ಆಮೇಲೆ ಡೈರೆಕ್ಟರ್ ಒಂಬತ್ತು ದಿನ ಅಗೀತಾ ಅಗೀತಾನೇ ಹೋಗ್ಬಿಟ್ರು."

"ನೀವೇನ್ ಮಾಡ್ತಿದ್ರಿ?" ಹೆಂಡತಿ ಮೆಲ್ಲನೆ ಕೇಳಿದಳು.

"ಕ್ಲಾಪ್ ಹೊಡೀತಿದ್ದೆ ತಾಯಿ. ನಲವತ್ತೊಂದು ಸಲ."

"ಫುಡ್ ಪಾಯಿಸನ್," ಎಂದು ನಕ್ಕ ಅನಾಲಿಸ್ಟ್. "ಅದಕ್ಕೆ ಮಾಟ ಅಂತ ಹೆಸರಿಟ್ಟು ಟಿಕೆಟ್ ಮಾರ್ತಿದ್ದೀರಿ."

"ಲ್ಯಾಬ್ ಬುದ್ಧೀನ ಇವತ್ತೊಂದಿನ ಮನೇಲಿ ಬಿಟ್ಟು ಬರೋಕಾಗಲ್ವಾ?" ಎಂದು ಹೆಂಡತಿ ಗದರಿದಳು.

ಬಾಗಿಲು ಕಿರುಗುಟ್ಟಿತು. ಮೊದಲು ಬಂದದ್ದು ವಾಸನೆ. ಒದ್ದೆ ಪ್ಲಾಸ್ಟರು, ಹಳೆಯ ಅಂಟು, ಅವೆರಡರ ಅಡಿಯಲ್ಲಿ ಗಂಟಲ ಹಿಂಭಾಗಕ್ಕೆ ಅಂಟಿಕೊಳ್ಳುವ ಸಿಹಿಯಾದ ನಾತ. ಕೊಳೆತ ಮಾಂಸದ್ದು. ಅನಾಲಿಸ್ಟ್ ಮೂಗು ಮುಚ್ಚಿಕೊಂಡು ಲೆಕ್ಕ ಹಾಕಿದ: ಮೂವತ್ತು ವರ್ಷದ ಹಿಂದಿನದು ಇಂದು ನಾರಲಾರದು. ಕೊಳೆಯುವುದಕ್ಕೂ ಒಂದು ಕೊನೆಯಿದೆ. ಎಲ್ಲೋ ಹೆಗ್ಗಣ ಸತ್ತಿರಬೇಕು.

ನಡುವೆ ಉದ್ದನೆಯ ಮೇಜು. ಅದರ ಮೇಲೆ ಮೇಣದ ದ್ರಾಕ್ಷಿ, ಬಣ್ಣ ಬಳಿದ ಥರ್ಮೋಕೋಲ್ ಬ್ರೆಡ್ಡು. ಕೊನೆಯಲ್ಲಿ ಒಂದು ತಟ್ಟೆ, ಅದರಲ್ಲಿ ಒಣಗಿದ ಕಪ್ಪು ಚಕ್ಕೆ. ಮಗಳು ಆಗಲೇ ಅದರ ಮುಂದಿನ ಕುರ್ಚಿ ಹತ್ತಿ ಕೂತಿದ್ದಳು.

ಅವನು ಫೋನ್ ಎತ್ತಿ ಹಿಡಿದ. "ಪುಟ್ಟೀ, ತಿನ್ನೋ ಹಾಗೆ ಮಾಡು. ರೆಡೀನಾ? ಆ್ಯಕ್ಷನ್."

ಹಿಂದಿನಿಂದ ಟಪ್ ಎಂದಿತು. ಮಾಮನ ಎರಡು ಅಂಗೈಗಳು ತಾವಾಗಿಯೇ ಬಡಿದುಕೊಂಡಿದ್ದವು. "ಟೇಕ್ ನಲವತ್ತೆರಡು," ಎಂದಿತು ಅವರ ಬಾಯಿ. ಅವರ ಕಣ್ಣು ಮಾತ್ರ ಬೇಡ ಬೇಡ ಎನ್ನುತ್ತಿತ್ತು.

ತಲೆಯ ಮೇಲೆ ಕಾವು ಇಳಿಯಿತು. ಅಲ್ಲಿ ಒಂದು ಲೈಟೂ ಉರಿಯುತ್ತಿರಲಿಲ್ಲ. ತಟ್ಟೆಯ ಚಕ್ಕೆ ಒದ್ದೆಯಾಯಿತು, ಉಬ್ಬಿತು, ಮೇಲೆ ಬೂದು ಕೆನೆ ಕಟ್ಟಿತು. ಕೆನೆಯ ಕೆಳಗೆ ಏನೋ ಮಿಸುಕಿತು. ಮಗಳ ಬಲಗೈ ಅದರೊಳಗೆ ಇಳಿಯಿತು.

"ಅಪ್ಪಾ, ನಾನಲ್ಲ. ಕೈ ತಾನೇ ಹೋಗ್ತಿದೆ."

"ಕಟ್!" ಎಂದ. ಕೈ ನಿಲ್ಲಲಿಲ್ಲ. ಹಿಡಿದೆಳೆದ. ಏಳು ವರ್ಷದ ಕೈ ಕಂಬದ ಹಾಗಿತ್ತು. ಹೆಂಡತಿ ಕುರ್ಚಿ ಸಮೇತ ಎಳೆದಳು. ಕುರ್ಚಿ ಅಲುಗಲಿಲ್ಲ.

"ತಟ್ಟೆ ಖಾಲಿಯಾಗದೆ ಕಟ್ ಇಲ್ಲ ಸಾರ್," ಎಂದರು ಮಾಮ, ಗೋಡೆಗೆ ಒರಗಿ ಅಳುತ್ತಾ.

ತುತ್ತು ಮಗಳ ತುಟಿ ಮುಟ್ಟುವುದರಲ್ಲಿತ್ತು. ಅವನು ಬಾಗಿದ. ಅವಳ ಬೆರಳುಗಳಿಂದಲೇ ಅದನ್ನು ಬಾಯಿಗೆ ಹಾಕಿಕೊಂಡ. ತಟ್ಟೆಯನ್ನು ತನ್ನ ಕಡೆಗೆಳೆದುಕೊಂಡ.

ಬೆಚ್ಚಗಿತ್ತು. ಲೋಳೆ. ಹುಳಗಳು ಹಲ್ಲಿಗೆ ಸಿಕ್ಕಿ ಪಟಕ್ಕೆಂದವು. ನುಂಗಿದ. ಹೊಟ್ಟೆ ಎಲ್ಲವನ್ನೂ ಮೇಲಕ್ಕೆ ತಳ್ಳಿತು. ಮತ್ತೆ ನುಂಗಿದ. ಕೂದಲು ಬಂತು. ಬಿಳಿ ಕೂದಲು. ನಾಲಿಗೆಗೆ ಸುತ್ತಿತು, ಗಂಟಲಲ್ಲಿ ಇಳಿಯಿತು, ಮುಗಿಯಲಿಲ್ಲ. ಕಣ್ಣಲ್ಲಿ ನೀರು. ನುಂಗಿದ. ತಟ್ಟೆ ನೆಕ್ಕಿದ.

"ಕಟ್," ಎಂದ.

ಮಗಳ ಕೈ ಸೋತು ಬಿತ್ತು. ಕಾವು ಹೋಯಿತು.

ಗೇಟಿನ ಬಳಿಯ ನಲ್ಲಿಯಲ್ಲಿ ಅವನು ಹತ್ತಾರು ಸಲ ಬಾಯಿ ಮುಕ್ಕಳಿಸಿದ. ಮಧ್ಯಾಹ್ನದ ಬಿಸಿಲು. ಮಗಳು ಅಮ್ಮನ ಮಡಿಲಲ್ಲಿ ಕೂತು ಕೈ ಒರೆಸಿಕೊಳ್ಳುತ್ತಿದ್ದಳು. ಬದುಕಿದೆವು ಎಂದುಕೊಂಡ.

ಮಾಮ ದೂರದಲ್ಲೇ ನಿಂತು ಕೇಳಿದರು. "ಕಟ್ ಅಂದ್ರಿ ಸಾರ್. ಓಕೆ ಅಂದ್ರಾ?"

ಅವನು ತಲೆಯೆತ್ತಿದ. "ಓಕೆ. ಓಕೆ, ಓಕೆ. ಸಾಕಾ?"

"ನೀವು ಹೇಳಿದ್ರೆ ಆಗಲ್ಲ. ಆ್ಯಕ್ಷನ್ ಅಂದಾಗ ನೀವು ಡೈರೆಕ್ಟರು. ತಟ್ಟೆ ಎಳ್ಕೊಂಡ್ಮೇಲೆ ನಟ. ನಟ ತನ್ನ ಶಾಟ್ ತಾನೇ ಓಕೆ ಮಾಡೋ ಹಾಗಿಲ್ಲ."

"ಮತ್ತೆ ಯಾರು ಮಾಡ್ಬೇಕು?"

ಮಾಮ ತಮ್ಮ ಎರಡು ಕೈಗಳನ್ನೂ ಕಂಕುಳಲ್ಲಿ ಬಿಗಿಯಾಗಿ ಅದುಮಿಕೊಂಡರು.

"ಬಾಯಿ ರುಚಿ ಹೋಗ್ಲಿ, ಇದನ್ನ ತಿನ್ರೀ," ಎಂದು ಹೆಂಡತಿ ಚೀಲದಿಂದ ಒಂದು ಬನ್ ತೆಗೆದು ಕೊಟ್ಟಳು. ಮೆತ್ತಗಿತ್ತು, ತಾಜಾ ಇತ್ತು. ಅವನು ಮುರಿದ. ಒಳಗೆ ಬೂದು ಕೆನೆ. ಅದರ ನಡುವೆ ಸುರುಳಿ ಸುತ್ತಿದ ಬಿಳಿ ಕೂದಲು.

ಅವನ ಕಿವಿಯ ಪಕ್ಕದಲ್ಲೇ ಮುದುಕಿಯೊಬ್ಬಳು, ಯಾವ ಅವಸರವೂ ಇಲ್ಲದೆ, "ಒನ್ ಮೋರ್" ಎಂದಳು.

ಮಾಮನ ಕೈಗಳು ಕಂಕುಳಿಂದ ಬಿಡಿಸಿಕೊಂಡು ಬಂದವು. ಟಪ್.

"ಟೇಕ್ ನಲವತ್ತಮೂರು."

"ಅಮ್ಮಾ," ಮಗಳು ಕೇಳಿದಳು, "ಅಪ್ಪ ಯಾಕೆ ಅಳ್ತಾ ಅಳ್ತಾ ತಿಂತಿದ್ದಾರೆ?"