ನಲವತ್ತೆರಡು ಕಾಗದ

"ಇವೆಲ್ಲಾ ಸೇರಿ ಒಂದು," ಅಂದರು ಗಣಿಯ ಬಗ್ಗೆ ಊರಿನವರ ಅಭಿಪ್ರಾಯ ಕೇಳಲು ಬಂದಿದ್ದ ಸಾಹೇಬರು. ನಲವತ್ತೆರಡು ಕಾಗದಗಳ ಕಟ್ಟನ್ನು ಸಭೆಗೆ ಎತ್ತಿ ತೋರಿಸಿ ಮೇಜಿನ ಮೇಲಿಟ್ಟರು.

ಲೀಡರ್ ದಿಗ್ಗನೆ ಎದ್ದು ನಿಂತಳು. ಐದನೇ ಕ್ಲಾಸಿನ ಈ ಹುಡುಗಿಯನ್ನು ಮನೆಯಲ್ಲಿ ಅಮ್ಮನೂ ಲೀಡರ್ ಅಂತಲೇ ಕರೆಯುತ್ತಿದ್ದಳು. ಊರಂಚಿನ ಯುರೇನಿಯಂ ಗಣಿ ಬೇಲಿ ದಾಟಿ ಕಾಡಿಗೆ ಬರುವುದು ಬೇಡ, ಕಾಡು ಎಲ್ಲರದ್ದು ಎಂದು ಇಡೀ ಕ್ಲಾಸಿನಿಂದ ಕಾಗದ ಬರೆಸಿದವಳು ಅವಳೇ.

"ಒಂದು ಹೇಗೆ ಸರ್? ನಾವು ನಲವತ್ತೆರಡು ಜನ!"

"ಜನ ಎಷ್ಟಾದ್ರೂ ಇರ್ಲಿ ಪುಟ್ಟಾ. ಅಕ್ಷರಕ್ಕೆ ಅಕ್ಷರ ಒಂದೇ ಬರ್ದಿದೀರಲ್ಲ. ರೂಲ್ಸ್ ಪ್ರಕಾರ ಅದು ಒಂದೇ ಲೆಕ್ಕ."

"ಹಾಗಾದ್ರೆ ಬೇರೆ ಬೇರೆ ಬರ್ಕೊಂಡು ಬರ್ತೀವಿ, ನಾಳೇನೇ!"

"ಲಾಸ್ಟ್ ಡೇಟ್ ನಿನ್ನೆಗೇ ಮುಗೀತಮ್ಮ."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಿಸ್ ತಲೆ ತಗ್ಗಿಸಿದರು. ಬೋರ್ಡಿನ ಮೇಲಿದ್ದದ್ದನ್ನು ಒಂದು ಕಾಮಾ ಕೂಡ ಬಿಡದೆ ಇಳಿಸಿಕೊಂಡರೆ ವೆರಿ ಗುಡ್ ಸಿಗುವ ಕ್ಲಾಸು ಅವರದು. ಲೀಡರ್ ಬೋರ್ಡಿನ ಮೇಲೆ ಬರೆದಿದ್ದಳು, ಉಳಿದವರು ಇಳಿಸಿಕೊಂಡಿದ್ದರು. ಹಾಳು ಮಾಡಬೇಕೆಂದು ಯಾರೂ ಮಾಡಿದ್ದಲ್ಲ. ಆದರೂ ಎಲ್ಲ ಹಾಳಾಗಿಹೋಯಿತು. ಬೇಡ ಅಂದವರು ಕಡಿಮೆ, ಹಾಗಾಗಿ ಗಣಿಗೆ ಒಪ್ಪಿಗೆ ಇದೆ ಎಂದು ಓದಿ ಸಾಹೇಬರು ಸಭೆ ಮುಗಿಸಿದರು.

ಲೀಡರ್ ದಾರಿಯುದ್ದಕ್ಕೂ ಅತ್ತಳು. ಜೊತೆಗೆ ಅವಳ ಬೆಂಚಿನ ಗೆಳತಿ ಪೀಚು ಇದ್ದಳು. ಕ್ಲಾಸಿಗೆಲ್ಲ ಕುಳ್ಳಿ, ಮಾತೂ ಅಷ್ಟಕ್ಕಷ್ಟೆ.

"ನೀನಾದ್ರೂ ಬೇರೆ ಏನಾದ್ರೂ ಬರೀಬಾರ್ದಿತ್ತಾ?" ಲೀಡರ್ ಅವಳ ಮೇಲೆ ರೇಗಿದಳು.

"ಬರ್ದಿದ್ನಲ್ಲ. ನೀನೇ ಹರಿದುಹಾಕಿ, ಬೋರ್ಡ್ ನೋಡ್ಕೊಂಡು ನೀಟಾಗಿ ಬರಿ ಅಂದೆ."

ಹೌದು, ಹರಿದಿದ್ದಳು. ಕಾಗದದ ತುಂಬ ಚಿತ್ತುಕಾಟು ನೋಡಿ, ಓದದೆಯೇ ಹರಿದಿದ್ದಳು.

"ಏನ್ ಬರ್ದಿದ್ದೆ?"

"ಗಣಿಯವ್ರು ಕೆಸರು ನೀರು ಬಿಡೋ ಹೊಂಡ ಇದ್ಯಲ್ಲ? ಅದನ್ನ ಕುಡಿಯೋಕೆ ಕಾಡಿಂದ ಜಿಂಕೆ ಬರ್ತಾವೆ. ಅದು ವಿಷ ಅಂತ ಅವಕ್ಕೇನ್ ಗೊತ್ತು? ಸ್ಕೂಲ್ ಬಿಟ್ಮೇಲೆ ದಿನಾ ಹೋಗಿ, ಬೇಲಿ ಹೊರಗಿಂದ ಕಲ್ಲು ಹೊಡ್ದು ಓಡಿಸ್ತೀನಿ. ಮರಿ ಇದ್ರೆ ಪಕ್ಕಕ್ಕೆ ಹೊಡೀತೀನಿ."

ಪೀಚು ಜಿಂಕೆಗಳಿಗೆ ಕಲ್ಲು ಹೊಡೆಯುತ್ತಾಳೆಂದು ಮಿಸ್ ಹತ್ತಿರ ಚಾಡಿ ಹೇಳಿದವಳೂ ಲೀಡರೇ. ಪಾಪದ ಪೀಚು ಅವತ್ತು ಒಂದು ಪೀರಿಯಡ್ ಪೂರ್ತಿ ನಿಂತಿದ್ದಳು. ನೆನೆದು ಲೀಡರ್‌ಗೆ ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ.

"ಇನ್ನು ಕಾಡಲ್ಲೂ ಹೊಸ ಹೊಂಡ ತೋಡ್ತಾರಂತಲ್ಲ, ಅದು ಎಷ್ಟು ದೊಡ್ಡದಂತೆ?" ಪೀಚು ಕೇಳಿದಳು.

ಸಭೆಯ ಗೋಡೆಗೆ ಅಂಟಿಸಿದ್ದ ಮ್ಯಾಪನ್ನು ಲೀಡರ್ ನೋಡಿದ್ದಳು. ಕೈ ಚಾಚಿ, ರಸ್ತೆಯ ತಿರುವಿನಿಂದ ದೂರದ ಗುಡ್ಡದ ಬುಡದವರೆಗೂ ಕಾಡನ್ನು ತೋರಿಸಿದಳು.

ಪೀಚು ತುಂಬಾ ಹೊತ್ತು ನೋಡಿದಳು. "ಆ ಕಡೆ ದಡಕ್ಕೆ ನನ್ ಕಲ್ಲು ಮುಟ್ಟಲ್ವಲ್ಲೇ," ಅಂದಳು.

ಲೀಡರ್ ಅಳು ನಿಂತುಹೋಯಿತು. ಚೆಂದದ ಅಕ್ಷರದಲ್ಲಿ ತಾನು ಬರೆದ ಯಾವ ಸಾಲೂ ಇಷ್ಟು ಹೇಳಿರಲಿಲ್ಲ. ಈ ಮಾತು ಇನ್ನು ಯಾವ ಸಾಹೇಬರ ಮೇಜಿಗೂ ಹೋಗುವಂತಿಲ್ಲ.

ಪೀಚು ಹೊಂಡದ ದಾರಿ ಹಿಡಿದಳು. ಲೀಡರ್ ಅವಳ ಹಿಂದೆಯೇ ಹೋಗಿ, ಬಗ್ಗಿ ಒಂದು ಕಲ್ಲು ಎತ್ತಿಕೊಂಡಳು.

"ಅದು ಬೇಡ, ಚಿಕ್ಕದು ತಗೋ," ಅಂದಳು ಪೀಚು. "ಅವಕ್ಕೆ ಪೆಟ್ಟಾಗ್ಬಾರ್ದು."